ಕಾರ್ಪೆಟ್ ಮೇಲಿನ ಕಲೆ ಒಣಗಿದ ಮೇಲೆ ಮತ್ತೆ ಬರ್ತಿದೆ, ಅನುಭವ ಇರೋರು ಹೇಳಿ

ಕೇಳಿದವರು:
ಹಾಲ್‌ನಲ್ಲಿ ಹಾಸಿರುವ ಆರಡಿ ಅಗಲ, ಒಂಬತ್ತಡಿ ಉದ್ದದ ಕಾರ್ಪೆಟ್. ಲೇಬಲ್ ಕಿತ್ತುಹೋಗಿದೆ, ಉಣ್ಣೆಯೋ ಸಿಂಥೆಟಿಕ್ಕೋ ತಿಳಿಯುತ್ತಿಲ್ಲ. ಚಹಾ ಚೆಲ್ಲಿದ ಜಾಗವನ್ನು ಸೋಪಿನ ನೀರು ಹಾಕಿ ತಿಕ್ಕಿದೆ. ಒದ್ದೆ ಇದ್ದಾಗ ಹೋದಂತೆ ಕಂಡಿತು, ಒಣಗಿದ ಮೇಲೆ ಸುತ್ತ ಕಂದು ಅಂಚು ಕಟ್ಟಿಕೊಂಡು ವಾಪಸ್ ಬಂತು. ಇದರ ಜೊತೆಗೆ ಒಂದು ಕಡೆ ಎಣ್ಣೆ ಕಲೆ, ಬಾಲ್‌ಪೆನ್ ಗೀಟು, ಮೂಲೆಯಲ್ಲಿ ಬೆಕ್ಕಿನ ಮೂತ್ರದ ನಾತ. ವ್ಯಾಕ್ಯೂಮ್ ಕ್ಲೀನರ್ ಇದೆ, ಶಾಂಪೂ ಮೆಷಿನ್ ಇಲ್ಲ. ಅಡುಗೆ ಸೋಡಾ, ವಿನೆಗರ್ ಎರಡನ್ನೂ ಸೇರಿಸಿ ಸುರಿದರೆ ಎಲ್ಲಾ ಹೋಗುತ್ತೆ ಅಂತಾರೆ. ನಿಜವಾ?

ನೂಲೆಳೆ:
ಏನನ್ನಾದರೂ ಸುರಿಯುವ ಮೊದಲು ಅದು ಯಾವ ನೂಲು ಅಂತ ಗೊತ್ತಾಗಬೇಕು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ಅಂಚಿನಲ್ಲಿ ಕಾಣದ ಕಡೆಯಿಂದ ಎರಡು ಮೂರು ಎಳೆ ಕತ್ತರಿಸಿ. ಚಿಮಟದಲ್ಲಿ ಹಿಡಿದು, ಸಿಂಕ್ ಅಥವಾ ಸ್ಟೀಲ್ ತಟ್ಟೆಯ ಮೇಲೆ, ತುದಿಗೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕಪ್ಪು ಬೂದಿ ಉಳಿದರೆ ಉಣ್ಣೆ ಅಥವಾ ರೇಷ್ಮೆ. ಎಳೆ ಮುದುಡಿ, ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತಾದರೆ ನೈಲಾನ್, ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ (ಮಣಿಯನ್ನು ಪೂರ್ತಿ ಆರಿದ ಮೇಲೆಯೇ ಮುಟ್ಟಿ, ಬಿಸಿಯಲ್ಲಿ ಚರ್ಮಕ್ಕೆ ಅಂಟುತ್ತದೆ). ಕಾಗದ ಸುಟ್ಟ ವಾಸನೆ, ಹಗುರ ಬೂದಿ ಎಂದರೆ ಹತ್ತಿ, ಸೆಣಬು ಅಥವಾ ವಿಸ್ಕೋಸ್ (ಮರದ ತಿರುಳಿನಿಂದ ಮಾಡಿದ ಕೃತಕ ರೇಷ್ಮೆ).

ಉಣ್ಣೆಗೆ ಕ್ಷಾರ ಆಗದು: ಬಟ್ಟೆ ಒಗೆಯುವ ಪುಡಿ, ಅಮೋನಿಯ ಎರಡೂ ಬೇಡ. ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ. ಪ್ರೋಟೀನ್ ಕರಗಿಸುವ ಎಂಜೈಮ್ ಇರುವ ಕ್ಲೀನರ್ ಕೂಡ ಬೇಡ, ಉಣ್ಣೆಯೇ ಒಂದು ಪ್ರೋಟೀನ್. ಸಿಂಥೆಟಿಕ್ ಇವೆಲ್ಲವನ್ನೂ ಸುಮಾರಾಗಿ ತಡೆದುಕೊಳ್ಳುತ್ತದೆ (ನೈಲಾನ್‌ಗೆ ಬ್ಲೀಚ್ ಆಗದು), ಶಾಖ ಮಾತ್ರ ತಡೆಯುವುದಿಲ್ಲ. ರೇಷ್ಮೆಯಂತೆ ಮಿನುಗುತ್ತಿದೆ, ಆದರೆ ಸುಟ್ಟರೆ ಕಾಗದದ ವಾಸನೆ ಬಂತು ಅಂದರೆ ಅದು ವಿಸ್ಕೋಸ್. ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ಒಣಗಿದ ಮೇಲೆ ಹಳದಿಯಾಗಿ ಒರಟಾಗುತ್ತದೆ. ಅದಕ್ಕೆ ಮನೆಯಲ್ಲಿ ನೀರು ಮುಟ್ಟಿಸುವುದೇ ಬೇಡ, ವೃತ್ತಿಯವರಿಗೆ ಕೊಡಿ.

ಎರಡನೆಯದು ಬಣ್ಣದ ಪರೀಕ್ಷೆ. ಏನು ಹಾಕಬೇಕೆಂದಿದ್ದೀರೋ ಅದರಲ್ಲಿ ಬಿಳಿ ಬಟ್ಟೆ ಅದ್ದಿ, ಸೋಫಾ ಅಡಿಗೆ ಹೋಗುವ ಮೂಲೆಯಲ್ಲಿ ಒಂದು ನಿಮಿಷ ಒತ್ತಿಹಿಡಿಯಿರಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ದ್ರಾವಣ ಬಿಟ್ಟುಬಿಡಿ. ಕೆಂಪು, ಕಡುನೀಲಿ ವಿನ್ಯಾಸ ಇರುವ ಕಾರ್ಪೆಟ್‌ಗಳಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಬೇರೆಯಾಗಿ ನೋಡಿ.

ಬಿಳಿಬಟ್ಟೆ:
ಚಹಾ ಯಾಕೆ ವಾಪಸ್ ಬಂತು ಅನ್ನುವುದಕ್ಕೆ: ಕಾರ್ಪೆಟ್ ಒಣಗುವುದು ಎಳೆಯ ತುದಿಯಿಂದ. ಬುಡದಲ್ಲಿ ಉಳಿದ ನೀರು ಮೇಲಕ್ಕೆ ಏರುತ್ತಾ ಅದರಲ್ಲಿ ಕರಗಿರುವ ಚಹಾ, ಸೋಪು, ಹಳೇ ಕೊಳೆ ಎಲ್ಲವನ್ನೂ ಹೊತ್ತು ತರುತ್ತದೆ. ನೀರು ಆರಿಹೋಗುತ್ತದೆ, ಹೊತ್ತು ತಂದದ್ದು ತುದಿಯಲ್ಲಿ ಕೂರುತ್ತದೆ. ಒದ್ದೆ ಎಲ್ಲಿ ನಿಂತಿತೋ ಅಲ್ಲಿ ಉಂಗುರ. ಹಾಗಾಗಿ ಕಲೆ ತೆಗೆಯುವುದು ಅಂದರೆ ಸುರಿಯುವುದಲ್ಲ, ಹೀರಿ ತೆಗೆಯುವುದು. ಹಾಕಿದ ನೀರನ್ನೆಲ್ಲ ವಾಪಸ್ ತೆಗೆಯದಿದ್ದರೆ ಕೆಲಸ ಅರ್ಧಕ್ಕೇ ನಿಂತಂತೆ.

ನಿಮ್ಮ ವಿಷಯದಲ್ಲಿ ಮೊದಲು ಹೊರಹೋಗಬೇಕಾದದ್ದು ಹಳೇ ಸೋಪು. ಸ್ಪ್ರೇ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಕಲೆಯ ಅಂಚಿನಿಂದ ಎರಡು ಬೆರಳು ಹೊರಗಿನಿಂದ ಶುರುಮಾಡಿ ಒಳಮುಖವಾಗಿ ತೆಳ್ಳಗೆ ಸಿಂಪಡಿಸಿ. ಮಡಿಸಿದ ಬಿಳಿ ಹತ್ತಿ ಟವೆಲ್ ಇಟ್ಟು ಅಂಗೈ ಭಾರ ಹಾಕಿ ಒತ್ತಿ. ತಿಕ್ಕಬೇಡಿ, ತಿಕ್ಕಿದರೆ ಎಳೆಯ ತಿರುಚು ಬಿಚ್ಚಿಕೊಂಡು ಆ ಜಾಗ ಶಾಶ್ವತವಾಗಿ ಮಬ್ಬಾಗಿ ಕಾಣುತ್ತದೆ, ಆಮೇಲೆ ಅದನ್ನೇ ಕಲೆ ಅಂದುಕೊಂಡು ಇನ್ನಷ್ಟು ತಿಕ್ಕುತ್ತೀರಿ. ಟವೆಲ್ ಒಣ ಭಾಗಕ್ಕೆ ತಿರುಗಿಸಿ ಮತ್ತೆ ಒತ್ತಿ. ಹಿಂಡಿದಾಗ ನೊರೆ ಬರುವುದು ನಿಲ್ಲುವವರೆಗೆ ಇದೇ ಕೆಲಸ.

ಆಮೇಲೆ ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ನೀರು. ಸಿಂಪಡಿಸಿ ಐದು ನಿಮಿಷ ಬಿಟ್ಟು ಒತ್ತಿ ತೆಗೆಯಿರಿ. ಚಹಾ, ಕಾಫಿ ಎರಡೂ ಟ್ಯಾನಿನ್ (ಒಗರು ಕೊಡುವ ಅಂಶ) ಕಲೆ, ಹುಳಿಗೆ ಸಡಿಲವಾಗುತ್ತವೆ. ಹಾಲು ಹಾಕಿದ ಚಹಾ ಆಗಿದ್ದರೆ ವಿನೆಗರ್‌ಗೆ ಮೊದಲು ಒಂದು ಕಪ್ (250 ಮಿ.ಲೀ.) ನೀರಿಗೆ ಕಾಲು ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಅದರಲ್ಲಿ ಒಂದು ಸುತ್ತು ಮಾಡಿ, ಹಾಲಿನ ಜಿಡ್ಡು ಅದಕ್ಕೆ ಹೋಗುತ್ತದೆ. ಕಾಲು ಚಮಚ ಕಡಿಮೆಯಾಯಿತು ಅನ್ನಿಸುತ್ತದೆ, ಆದರೂ ಜಾಸ್ತಿ ಹಾಕಬೇಡಿ. ಉಳಿದ ಸೋಪು ಅಂಟಂಟಾಗಿ ಧೂಳು ಹಿಡಿದು, ತೊಳೆದ ಜಾಗವೇ ಎಲ್ಲಕ್ಕಿಂತ ಬೇಗ ಕಪ್ಪಾಗುತ್ತದೆ. ಬಾರ್ ಸೋಪು ಮಾತ್ರ ಚಹಾ ಕಲೆಗೆ ಬೇಡವೇ ಬೇಡ, ಟ್ಯಾನಿನ್ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಕೊನೆಯ ಸುತ್ತು ಬರೀ ನೀರು. ಬಳಿಕ ಬಿಳಿ ಟಿಶ್ಯೂ ಅಥವಾ ಟವೆಲನ್ನು ಒಂದು ಅಂಗುಲ ದಪ್ಪಕ್ಕೆ ಮಡಿಸಿ ಕಲೆಯ ಮೇಲಿಟ್ಟು, ಪ್ಲಾಸ್ಟಿಕ್ ಹಾಳೆ ಹಾಕಿ, ಮೇಲೆ ದಪ್ಪ ಪುಸ್ತಕಗಳನ್ನೋ ನೀರು ತುಂಬಿದ ಪಾತ್ರೆಯನ್ನೋ ಹೇರಿ ರಾತ್ರಿಯಿಡೀ ಬಿಡಿ. ಮೇಲಕ್ಕೆ ಏರುವ ಕೊಳೆ ಎಳೆಯ ತುದಿಯ ಬದಲು ಟಿಶ್ಯೂನಲ್ಲಿ ಕೂರುತ್ತದೆ. ಬೆಳಿಗ್ಗೆ ಟಿಶ್ಯೂ ತೆಗೆದಾಗ ಅಡಿಯ ಪದರದಲ್ಲಿ ಕಂದು ಉಂಗುರ ಕಾಣುತ್ತದೆ. ಕಂಡರೆ ಇನ್ನೊಂದು ರಾತ್ರಿ.

ರಸಾಯನ:
ಸೋಡಾ ಜೊತೆ ವಿನೆಗರ್ ಪ್ರಶ್ನೆಗೆ: ಎರಡೂ ಸೇರಿದರೆ ಒಂದನ್ನೊಂದು ಹೊಡೆದು ಹಾಕುತ್ತವೆ. ಬುರುಬುರು ಬರುವುದು ಇಂಗಾಲದ ಡೈಆಕ್ಸೈಡ್. ಅದು ನಿಂತ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರು. ನೋಡಲು ಭಾರೀ ಕೆಲಸ ನಡೆದಂತೆ ಇರುತ್ತದೆ, ಅಷ್ಟೇ. ವಿನೆಗರ್ ಬೇಕಾದಲ್ಲಿ ವಿನೆಗರ್, ಸೋಡಾ ಬೇಕಾದಲ್ಲಿ ಸೋಡಾ.

ನಿಜಕ್ಕೂ ಬೆರೆಸಬಾರದ್ದು ಬೇರೆ ಇದೆ. ಬ್ಲೀಚ್‌ಗೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯ ಸೇರಿದರೆ ಕ್ಲೋರಮಿನ್, ಎರಡೂ ಶ್ವಾಸಕೋಶಕ್ಕೆ ಕೇಡು. ಹಳೇ ಮೂತ್ರದಲ್ಲಿ ಅಮೋನಿಯ ಇದ್ದೇ ಇರುತ್ತದೆ, ಹಾಗಾಗಿ ಬೆಕ್ಕು ಕೆಡಿಸಿದ ಜಾಗಕ್ಕೆ ಬ್ಲೀಚ್ ಯೋಚನೆಯೇ ಬೇಡ.

ಬೆಕ್ಕಿನ ಮೂತ್ರಕ್ಕೆ ಸೋಪು ಸೋಲುವುದಕ್ಕೆ ಕಾರಣ ಯೂರಿಕ್ ಆಮ್ಲ. ಅದರ ಹರಳು ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಒಣಗಿದಾಗ ಸುಮ್ಮನಿದ್ದು, ಗಾಳಿಯಲ್ಲಿ ತೇವ ಹೆಚ್ಚಿದ ದಿನ ಮತ್ತೆ ನಾರುತ್ತದೆ. ಸಾಕುಪ್ರಾಣಿಗಳ ಮೂತ್ರಕ್ಕೆಂದೇ ಸಿಗುವ ಎಂಜೈಮ್ ಕ್ಲೀನರ್ ತನ್ನಿ, ಉಣ್ಣೆಯಾದರೆ ಉಣ್ಣೆಗೆ ಆಗುತ್ತದೆ ಎಂದು ಬರೆದಿರುವುದನ್ನೇ ನೋಡಿ. ಮೊದಲು ಕಾರ್ಪೆಟ್ ಮಗುಚಿ ಹಿಂಬದಿ ನೋಡಿ: ಮೇಲೆ ಅಂಗೈಯಷ್ಟು ಕಂಡದ್ದು ಕೆಳಗೆ ತಟ್ಟೆಯಷ್ಟು ಹರಡಿರುತ್ತದೆ. ಮೂತ್ರ ಎಲ್ಲಿಯವರೆಗೆ ಇಳಿದಿದೆಯೋ ಎಂಜೈಮ್ ಕೂಡ ಅಲ್ಲಿಯವರೆಗೆ ಇಳಿಯಬೇಕು. ಎಲ್ಲರೂ ಕೈಚೆಲ್ಲುವುದು ಇಲ್ಲೇ. ಮೇಲೆ ನಾಲ್ಕು ಸಲ ಸಿಂಪಡಿಸಿ, ಹತ್ತು ನಿಮಿಷಕ್ಕೆ ಒರೆಸಿ, ಕೆಲಸ ಮಾಡಲಿಲ್ಲ ಅಂತಾರೆ. ಎಂಜೈಮ್‌ಗೆ ಒದ್ದೆಯೂ ಬೇಕು, ಹೊತ್ತೂ ಬೇಕು. ಚೆನ್ನಾಗಿ ತೋಯಿಸಿ, ಪ್ಲಾಸ್ಟಿಕ್ ಮುಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಗಂಟೆ ಬಿಟ್ಟು, ಆಮೇಲೆ ಹೀರಿ ಒಣಗಿಸಿ. ಆ ಜಾಗಕ್ಕೆ ಮೊದಲೇ ಫಿನೈಲ್, ವಿನೆಗರ್ ಹಾಕಿದ್ದರೆ ಬರೀ ನೀರಿನಲ್ಲಿ ತೆಗೆದು ನಂತರ ಎಂಜೈಮ್ ಹಾಕಿ. ಸ್ಟೀಮರ್ ಹಿಡಿಯಬೇಡಿ, ಬಿಸಿಗೆ ಕಲೆಯೂ ವಾಸನೆಯೂ ಎಳೆಗೆ ಅಂಟಿಕೊಳ್ಳುತ್ತವೆ. ಅಮೋನಿಯ ಇರುವ ಕ್ಲೀನರ್ ಹಾಕಿದರೆ ಬೆಕ್ಕು ಅದನ್ನೂ ಮೂತ್ರ ಅಂತಲೇ ತಿಳಿದು ಮತ್ತೆ ಅಲ್ಲೇ ಹೊಯ್ಯುತ್ತದೆ.

ಎಳೆಬಿಸಿಲು:
ಎಣ್ಣೆಗೆ ನೀರು ಮುಟ್ಟಿಸುವ ಮೊದಲು ಪುಡಿ. ಮೆಕ್ಕೆಜೋಳದ ಪಿಷ್ಟ (ಕಾರ್ನ್ ಫ್ಲೋರ್) ಅಥವಾ ಅಡುಗೆ ಸೋಡಾ ದಪ್ಪಗೆ ಹರಡಿ, ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ, ನಾಲ್ಕೈದು ಗಂಟೆ ಬಿಡಿ. ಹಿಟ್ಟು ಮುದ್ದೆಯಾದರೆ ಜಿಡ್ಡು ಹೀರಿದೆ ಅಂತ ಅರ್ಥ. ಮುದ್ದೆಯನ್ನು ಚಮಚದಲ್ಲಿ ತೆಗೆದು ಹೊಸದಾಗಿ ಹರಡಿ. ವ್ಯಾಕ್ಯೂಮ್ ಮಾಡುವ ಮೊದಲು ಬ್ರಷ್‌ನಿಂದ ಆದಷ್ಟೂ ಗುಡಿಸಿ ತೆಗೆಯಿರಿ, ನುಣ್ಣನೆ ಪುಡಿ ವ್ಯಾಕ್ಯೂಮ್‌ನ ಫಿಲ್ಟರ್ ಕಟ್ಟುತ್ತದೆ, ಹೀರುವ ಬಲ ಕುಸಿಯುತ್ತದೆ. ಕಾರ್ಪೆಟ್ ತುಂಬಾ ಕಿಲೋಗಟ್ಟಲೆ ಸೋಡಾ ಚೆಲ್ಲುವ ವಿಡಿಯೋಗಳನ್ನು ನಂಬಬೇಡಿ. ಆಮೇಲೆ ಮೇಲೆ ಹೇಳಿದ ಕಾಲು ಚಮಚದ ಲಿಕ್ವಿಡ್ ನೀರು, ಒತ್ತುವುದು, ಬರೀ ನೀರು. ಪಾಲಿಪ್ರೊಪಿಲೀನ್ ಆಗಿದ್ದರೆ ಎಣ್ಣೆ ಸ್ವಲ್ಪ ಹಟ ಮಾಡುತ್ತದೆ. ಆ ನೂಲಿಗೆ ನೀರು ಹಿಡಿಯುವುದಿಲ್ಲ, ಜಿಡ್ಡು ಹಿಡಿಯುತ್ತದೆ. ಎರಡು ಮೂರು ಸುತ್ತು ಬೇಕು.

ಬಾಲ್‌ಪೆನ್‌ಗೆ 70 ಶೇಕಡಾದ ಐಸೋಪ್ರೊಪೈಲ್ ಆಲ್ಕೋಹಾಲ್. ಕಲೆಯ ಮೇಲೆ ಸುರಿದರೆ ಗೀಟು ಇದ್ದದ್ದು ಮಚ್ಚೆಯಾಗಿ ಹರಡುತ್ತದೆ. ಬಟ್ಟೆಯ ತುದಿಯನ್ನು ಅದ್ದಿ, ಗೀಟಿನ ಉದ್ದಕ್ಕೂ ಚುಕ್ಕೆ ಚುಕ್ಕೆಯಾಗಿ ಒತ್ತಿ, ಪ್ರತಿ ಸಲ ಬಟ್ಟೆಯ ಹೊಸ ಜಾಗ. ಸುರಿದ ಆಲ್ಕೋಹಾಲ್ ಕೆಳಗಿಳಿದರೆ ತಳಕ್ಕೆ ಹಚ್ಚಿದ ಲ್ಯಾಟೆಕ್ಸ್ ಅಂಟಿಗೂ ಒಳ್ಳೆಯದಲ್ಲ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಒಲೆ ಇರದಿರಲಿ. ಹೇರ್ ಸ್ಪ್ರೇ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರಲ್ಲಿ ಕೆಲಸ ಮಾಡುವುದು ಆಲ್ಕೋಹಾಲ್, ಜೊತೆಗಿರುವ ಅಂಟು ಉಳಿದು ಧೂಳು ಹಿಡಿಯುತ್ತದೆ.

ಕೇಳದಿದ್ದರೂ ಮುಂದೆ ಬೇಕಾಗುವ ಕೆಲವು: ರಕ್ತಕ್ಕೆ ತಣ್ಣೀರು ಮಾತ್ರ, ಬಿಸಿನೀರು ಪ್ರೋಟೀನನ್ನು ಗಟ್ಟಿ ಮಾಡುತ್ತದೆ. ಉಳಿದ ಛಾಯೆಗೆ ತಿಳಿಬಣ್ಣದ ಸಿಂಥೆಟಿಕ್‌ನಲ್ಲಿ 3 ಶೇಕಡಾದ ಹೈಡ್ರೋಜನ್ ಪೆರಾಕ್ಸೈಡ್ ಕೆಲವು ಹನಿ, ನೊರೆ ನಿಂತ ಮೇಲೆ ಒತ್ತಿ ತೆಗೆಯಿರಿ. ಇದು ಬಣ್ಣವನ್ನೂ ತೆಗೆಯಬಲ್ಲದು, ಮೂಲೆಯ ಪರೀಕ್ಷೆ ತಪ್ಪಿಸಬೇಡಿ. ಚೂಯಿಂಗ್ ಗಮ್‌ಗೆ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಇಟ್ಟು, ಕಲ್ಲಾದ ಮೇಲೆ ಚೂರು ಚೂರಾಗಿ ಒಡೆದು ತೆಗೆಯುವುದು. ಮೇಣಕ್ಕೂ ಮೊದಲು ಅದೇ, ಉಳಿದದ್ದಕ್ಕೆ ದಪ್ಪ ಬಿಳಿ ಹತ್ತಿ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆಯನ್ನು ಅತಿ ಕಡಿಮೆ ಬಿಸಿಯಲ್ಲಿ ಕೆಲವೇ ಸೆಕೆಂಡ್ ತಾಗಿಸಿ. ಕೆಸರು ಒಂದೇ ಕಾಯಬೇಕಾದ ಕಲೆ: ಪೂರ್ತಿ ಒಣಗಲಿ, ಪುಡಿಮಾಡಿ ವ್ಯಾಕ್ಯೂಮ್ ಹಿಡಿಯಿರಿ. ಹಸಿಯಲ್ಲಿ ಕೈಹಾಕಿದರೆ ಒಳಗೆ ಇಳಿಯುತ್ತದೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಎಳೆ ಸುಟ್ಟು ನೋಡಿದೆ, ಕರಗಿ ಗಟ್ಟಿ ಮಣಿಯಾಯಿತು. ಆದರೆ ಹಿಂಬದಿಯಲ್ಲಿ ಸೆಣಬಿನ ದಾರದಂಥ ನೇಯ್ಗೆ ಕಾಣುತ್ತಿದೆ. ಕಲೆ ತೆಗೆದ ಮೇಲೆ ಇಡೀ ಕಾರ್ಪೆಟ್ ಒಂದು ಸಲ ತೊಳೆಯೋಣ ಅಂತ. ಬಚ್ಚಲಲ್ಲಿ ಪೈಪ್ ಬಿಟ್ಟು ತೊಳೆಯಬಹುದಾ?

ನೂಲೆಳೆ:
ಬೇಡ. ಮೇಲೆ ಸಿಂಥೆಟಿಕ್, ತಳ ಸೆಣಬು. ಸೆಣಬು ನೆನೆದರೆ ಎರಡು ತೊಂದರೆ: ಕುಗ್ಗಿ ಕಾರ್ಪೆಟ್ ಅಂಚು ಸೊಟ್ಟಗಾಗುತ್ತದೆ, ಅದರ ಕಂದು ಬಣ್ಣ ನೀರಿನೊಂದಿಗೆ ಮೇಲೇರಿ ಎಳೆಯ ತುದಿಗೆ ಬರುತ್ತದೆ. ನಿಮ್ಮ ಚಹಾ ಕಲೆಯ ಕಂದು ಅಂಚಿನಲ್ಲಿ ಒಂದು ಪಾಲು ಸೆಣಬಿನದ್ದೇ ಇರಬಹುದು. ಅದಕ್ಕೂ ಆ ವಿನೆಗರ್ ನೀರೇ ಮದ್ದು. ಎಂಜೈಮ್ ಹಾಕುವ ಮೂಲೆಯಲ್ಲಿ ಮಾತ್ರ ತಳ ತೋಯುವುದು ತಪ್ಪದು, ಆ ಭಾಗವನ್ನು ನೆಲದಿಂದ ಎತ್ತಿ ಎರಡೂ ಕಡೆ ಗಾಳಿ ಆಡುವಂತೆ ಒಣಗಿಸಿ.

ಇಂಥ ಕಾರ್ಪೆಟ್‌ಗೆ ನೊರೆ ಸಾಕು, ನೀರು ಬೇಡ. ಮೊದಲು ಮಗುಚಿ ಹಾಕಿ ಹಿಂಬದಿಯಿಂದ ವ್ಯಾಕ್ಯೂಮ್ ಮಾಡಿ, ಬುಡದ ಮರಳು ನೆಲಕ್ಕೆ ಉದುರುತ್ತದೆ. ನೆಲ ಗುಡಿಸಿ, ತಿರುಗಿಸಿ, ಮುಂಬದಿಯನ್ನು ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ನಿಧಾನವಾಗಿ ಮಾಡಿ. ಒಣ ಧೂಳು ಉಳಿದ ಕಾರ್ಪೆಟ್‌ಗೆ ಒದ್ದೆ ತಾಗಿದರೆ ಕೆಸರು ಕಲಸಿದಂತೆ. ಕೊಳೆಯಲ್ಲಿ ದೊಡ್ಡ ಪಾಲು ಈ ಒಣ ಧೂಳೇ, ಎಷ್ಟೋ ಸಲ ಇಷ್ಟಾದ ಮೇಲೆ ತೊಳೆಯುವುದೇ ಬೇಡ ಅನ್ನಿಸುತ್ತದೆ.

ಬೇಕೆನಿಸಿದರೆ ಅಗಲ ಪಾತ್ರೆಯಲ್ಲಿ ಒಂದು ಕಪ್ ಉಗುರುಬೆಚ್ಚಗಿನ ನೀರು, ಎರಡು ಟೀ ಚಮಚ ಲಿಕ್ವಿಡ್ ಹಾಕಿ ಕಡೆಗೋಲಿನಲ್ಲೋ ಬೀಟರ್‌ನಲ್ಲೋ ಕಡೆದು ಗಟ್ಟಿ ನೊರೆ ಮಾಡಿ. ಬ್ರಷ್‌ನಲ್ಲಿ ನೊರೆಯನ್ನು ಮಾತ್ರ ತೆಗೆದುಕೊಳ್ಳಿ, ಅಡಿಯ ನೀರು ಪಾತ್ರೆಯಲ್ಲೇ ಇರಲಿ. ಎರಡಡಿ ಚೌಕ ಗುರುತು ಮಾಡಿಕೊಂಡು, ಎಳೆ ಮಲಗುವ ದಿಕ್ಕಿಗೆ ಮೆಲ್ಲಗೆ ಹಚ್ಚಿ. ಕೊಳೆ ಹೀರಿ ಬೂದು ಬಣ್ಣಕ್ಕೆ ತಿರುಗಿದ ನೊರೆಯನ್ನು ಚಮಚದಿಂದ ಕೆರೆದು ತೆಗೆಯಿರಿ. ನಂತರ ಬಿಗಿಯಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಒಣ ಟವೆಲ್ ಒತ್ತಿ, ಪಕ್ಕದ ಚೌಕಕ್ಕೆ ಒಂದು ಗೇಣು ಅತಿಕ್ರಮಿಸಿ ಹೋಗಿ. ಇಲ್ಲದಿದ್ದರೆ ಚೌಕದ ಗೆರೆಗಳು ಕಾಣುತ್ತವೆ.

ಬಿಳಿಬಟ್ಟೆ:
ಒಣಗಿಸುವುದಕ್ಕೆ 24 ಗಂಟೆಗಿಂತ ಹೆಚ್ಚು ಹಿಡಿಯಬಾರದು, ಆಮೇಲೆ ಬೂಷ್ಟು. ನೆಲದ ಮೇಲೆ ಬಿಟ್ಟರೆ ಅಡಿ ಒಣಗುವುದೇ ಇಲ್ಲ. ನಾಲ್ಕು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹರಡಿ, ಕೆಳಗಿನಿಂದಲೂ ಗಾಳಿ ಹೋಗುವಂತೆ ಫ್ಯಾನ್ ಇಡಿ. ಸುಡುಬಿಸಿಲಲ್ಲಿ ಹಾಕಿದರೆ ಬಣ್ಣ ಮಂಕಾಗುತ್ತದೆ. ಬುಡಕ್ಕೆ ಬೆರಳು ಇಳಿಸಿ ಮುಟ್ಟಿ ನೋಡಿ. ತುದಿ ಒಣಗಿ ಬುಡ ತಣ್ಣಗಿದ್ದರೆ ಇನ್ನೂ ಆಗಿಲ್ಲ. ತುರ್ತಿಗೆ ಸೋಫಾ, ಟೇಬಲ್ ವಾಪಸ್ ಇಡಲೇಬೇಕಾದರೆ ಪ್ರತಿ ಕಾಲಿನ ಕೆಳಗೆ ಅಲ್ಯೂಮಿನಿಯಂ ಫಾಯಿಲ್ ತುಂಡು ಹಾಕಿ. ಒದ್ದೆ ಕಾರ್ಪೆಟ್‌ಗೆ ಕಬ್ಬಿಣದ ತುಕ್ಕು, ಮರದ ಪಾಲಿಶ್ ಎರಡೂ ಬೇಗ ಇಳಿಯುತ್ತವೆ. ತುಕ್ಕು ಹತ್ತಿದರೆ ಬ್ಲೀಚ್ ಹಾಕಬೇಡಿ, ಇನ್ನೂ ಗಟ್ಟಿಯಾಗುತ್ತದೆ. ನಿಂಬೆರಸದಲ್ಲಿ ಅದ್ದಿದ ಬಟ್ಟೆ ಹತ್ತು ನಿಮಿಷ ಇಟ್ಟು ಒತ್ತಿ ತೆಗೆದು, ಬರೀ ನೀರಿನ ಸುತ್ತು ಮಾಡಿ.