‘ಪ್ರವಾಹ’ ಎಂದರೆ ಯಾವ ನೀರು? ಸ್ನಾರ್ಕೆಲಿಂಗ್ ತಿಳಿವಳಿಕೆ ಪತ್ರಕ್ಕೆ ಬೇಕಾದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ನಾನು ಗಂಗಾವತಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಭತ್ತದ ಕೊಯ್ಲು ಮುಗಿದ ಮೇಲೆ, ಜನವರಿಯಲ್ಲಿ, ನಮ್ಮ ಓಣಿಯ ನಾಲ್ಕು ಮನೆಗಳವರು ಸೇರಿ 16 ಜನ ಅಂಡಮಾನಿಗೆ ಹೊರಟಿದ್ದೇವೆ. ಅಲ್ಲಿ ಸ್ನಾರ್ಕೆಲಿಂಗ್, ಅಂದರೆ ಬಾಯಲ್ಲಿಟ್ಟ ಕೊಳವೆಯಿಂದ ಉಸಿರಾಡುತ್ತ ಮುಖ ಕೆಳಗೆ ಮಾಡಿ ತೇಲಿ ಸಮುದ್ರದ ಒಳಗನ್ನು ನೋಡುವ ಆಟ, ಮಾಡಿಸುವ ಮೂರು ಪ್ರವಾಸಗಳ ಕರಪತ್ರಗಳು ಕೈಗೆ ಬಂದಿವೆ. ಎರಡು ಇಂಗ್ಲಿಷಿನಲ್ಲಿವೆ, ಒಂದು ಹಿಂದಿಯಲ್ಲಿದೆ. ಸಮುದ್ರವನ್ನೇ ನೋಡದವರು ನಮ್ಮಲ್ಲಿ ಒಂಬತ್ತು ಮಂದಿ. ಹೊಸಬರಿಗೆ ಯಾವ ಪ್ರವಾಸ ಸರಿ ಎಂಬುದನ್ನು ಎಲ್ಲರೂ ಕೂತು ತೀರ್ಮಾನಿಸಬೇಕು. ನಮ್ಮ ಚಿಗವ್ವನಂಥವರು ಕನ್ನಡ ಮಾತ್ರ ಓದುತ್ತಾರೆ. ಆದ್ದರಿಂದ ಎರಡು ಪುಟದ ಕನ್ನಡ ತಿಳಿವಳಿಕೆ ಪತ್ರವನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರೆಯಲು ಕೂತಾಗ ನಾಲ್ಕೈದು ಕಡೆ ಪದ ಸಿಗದೆ ನಿಂತಿದ್ದೇನೆ. ನಿಮ್ಮ ನೆರವು ಬೇಕು.

ಮೊದಲನೆಯದು ನೀರಿನ ಹರಿವನ್ನು ಕುರಿತ ಪದ. ಮೇಲಿಂದ ನೋಡಿದರೆ ಸಮುದ್ರ ಶಾಂತವಾಗಿಯೇ ಕಾಣುತ್ತದೆ, ಒಳಗೆ ಮಾತ್ರ ನೀರು ಒಂದು ದಿಕ್ಕಿಗೆ ಎಳೆಯುತ್ತಿರುತ್ತದೆ. ಇದಕ್ಕೆ ಪಠ್ಯಪುಸ್ತಕದಲ್ಲಿ ಇರುವುದು ‘ಸಾಗರ ಪ್ರವಾಹ’. ಭೂಗೋಳದ ಪಾಠಕ್ಕೆ ಅದು ಒಪ್ಪುವ ಮಾತು. ತಿಳಿವಳಿಕೆ ಪತ್ರದಲ್ಲಿ ಅದನ್ನು ಹಾಕಬಾರದು ಎಂದು ನಾನು ಹಟ ಹಿಡಿಯಲು ಕಾರಣವಿದೆ.

ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ನಾನು ಸ್ನಾರ್ಕೆಲಿಂಗಿಗೆಂದು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ಕರೆದುಕೊಂಡು ಹೋದವರು ದೋಣಿ ಹತ್ತುವ ಮೊದಲು ಒಂದು ಕನ್ನಡದ ಹಾಳೆ ಕೊಟ್ಟರು. ಅದರಲ್ಲಿ ‘ಪ್ರವಾಹವಿದ್ದಾಗ ಹಗ್ಗವನ್ನು ಬಿಡಬಾರದು’ ಎಂದು ಇತ್ತು. ನಾನು ಆಕಾಶ ನೋಡಿದೆ. ಒಂದು ಮೋಡವೂ ಇರಲಿಲ್ಲ. ನಮ್ಮ ಕಡೆ ಪ್ರವಾಹ ಎಂದರೆ ತುಂಗಭದ್ರಾ ಜಲಾಶಯದ ಗೇಟು ತೆರೆದಾಗ ಕಂಪ್ಲಿ ಸೇತುವೆಯ ಮೇಲೆ ಹರಿಯುವ ಕೆಂಪು ನೀರು; ಮಳೆಗಾಲದಲ್ಲಿ ಪತ್ರಿಕೆಯ ಮೊದಲ ಪುಟದಲ್ಲಿ ಬರುವ ಪದ. ಡಿಸೆಂಬರಿನ ಬಿಸಿಲಿನಲ್ಲಿ ಎಲ್ಲಿಯ ಪ್ರವಾಹ ಎಂದುಕೊಂಡೆ. ನೀರಿಗೆ ಇಳಿದು, ಕೆಳಗೆ ಹೊಳೆಯುವ ನೀಲಿ ಮೀನುಗಳ ಹಿಂಡನ್ನು ನೋಡುತ್ತ ಹಗ್ಗ ಬಿಟ್ಟೆ. ತಲೆ ಎತ್ತಿದಾಗ ದೋಣಿ ನಮ್ಮ ಮನೆಯಿಂದ ಓಣಿಯ ತುದಿಯಷ್ಟು ದೂರ ಹೋಗಿತ್ತು. ನಿಜದಲ್ಲಿ ದೋಣಿ ಅಲ್ಲೇ ಇತ್ತು, ಹೋದವಳು ನಾನು. ಗಾಬರಿಯಲ್ಲಿ ಉಸಿರೆಳೆದಾಗ ಕೊಳವೆಯಲ್ಲಿ ಬಂದದ್ದು ಉಪ್ಪುನೀರು. ಜೊತೆಗಿದ್ದ ಹುಡುಗ ಈಜಿ ಬಂದು ತೋಳು ಹಿಡಿಯದಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ನಾನು ಬಾವಿಯಲ್ಲಿ ಈಜು ಕಲಿತವಳು. ಬಾವಿಯಲ್ಲಿ ಯಾವ ಕಡೆ ನಾಲ್ಕು ಸಲ ಕೈ ಬೀಸಿದರೂ ಕಲ್ಲಿನ ಗೋಡೆ ಸಿಗುತ್ತದೆ. ಸಮುದ್ರಕ್ಕೆ ಗೋಡೆಯಿಲ್ಲ ಎಂಬುದು ಅಲ್ಲಿಯವರೆಗೆ ನನ್ನ ಮೈಗೆ ತಿಳಿದಿರಲಿಲ್ಲ.

ಆ ಹಾಳೆಯಲ್ಲಿ ‘ಸೆಳವು’ ಎಂದು ಬರೆದಿದ್ದರೆ ನಾನು ಹಗ್ಗ ಬಿಡುತ್ತಿರಲಿಲ್ಲ. ಹೊಳೆಯ ದಂಡೆಯ ಮಕ್ಕಳಿಗೆ ಹಿರಿಯರು ಮೊದಲು ಹೇಳುವ ಮಾತೇ ‘ಅಲ್ಲಿ ಸೆಳವು ಇದೆ, ಹೋಗಬೇಡ’ ಎಂದು. ಆನೆಗೊಂದಿಯಲ್ಲಿ ಹರಿಗೋಲು ನಡೆಸುವವರು ಹುಟ್ಟನ್ನು ಯಾವ ಕಡೆ ಹಾಕಬೇಕೆಂದು ನಿರ್ಧರಿಸುವುದೂ ಸೆಳವನ್ನು ನೋಡಿಯೇ. ಆ ದುಂಡು ದೋಣಿಗಳನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಂಡು, ಬುಟ್ಟಿಯ ಹಾಗಿವೆ, ನೀರಿನಲ್ಲಿ ತಿರುಗುತ್ತ ಸಾಗುತ್ತವೆ ಎಂದು ಬರೆದಿಟ್ಟಿದ್ದಾನೆ. ಅಷ್ಟು ಕಾಲದಿಂದ ನೀರಿನ ಎಳೆತವನ್ನು ಬಲ್ಲ ಜನರಿಗೆ ಅದನ್ನು ಹೇಳಲು ಭೂಗೋಳದ ಪದ ತರುವುದು ಏಕೆ? ‘ಸೆಳೆತ’ ಎಂದೂ ಕೆಲವರು ಬರೆಯುತ್ತಾರೆ. ಆದರೆ ಅದು ಈಗ ಮನಸ್ಸಿನ ಕಡೆಗೆ ಸರಿದಿದೆ. ‘ಸಿನಿಮಾದ ಸೆಳೆತ’, ‘ನಗರದ ಸೆಳೆತ’ ಎನ್ನುತ್ತೇವೆ. ‘ಸೆಳವು’ ಇನ್ನೂ ನೀರಿನಲ್ಲೇ ಉಳಿದಿದೆ. ನನ್ನ ಆಯ್ಕೆ ಅದೇ. ಕುಮಟಾ, ಭಟ್ಕಳ, ಮಲ್ಪೆ ಕಡೆಯವರಲ್ಲಿ ನನ್ನ ಪ್ರಶ್ನೆ: ಕಡಲಿಗೆ ಹೋಗುವ ಮೀನುಗಾರರು ಇದಕ್ಕೆ ಯಾವ ಪದ ಬಳಸುತ್ತಾರೆ? ಸೆಳವು ಎಂದರೆ ಅವರಿಗೂ ಇದೇ ಅರ್ಥ ಬರುತ್ತದೆಯೇ?

ಎರಡನೆಯ ತೊಡಕು ಆಳದ್ದು. ಒಂದು ಕರಪತ್ರದಲ್ಲಿ ‘ಆಳವಿಲ್ಲದ ನೀರು, ಸುಮಾರು 3 ಮೀಟರ್’ ಎಂಬ ಅರ್ಥದ ಮಾತಿದೆ. ಕಡಲಿನವರ ಲೆಕ್ಕದಲ್ಲಿ 3 ಮೀಟರ್ ಆಳವೇ ಅಲ್ಲ. ನಮ್ಮ ಚಿಗವ್ವನ ಲೆಕ್ಕದಲ್ಲಿ ಅದು ಎರಡಾಳು ನೀರು. ‘ಆಳವಿಲ್ಲದ’ ಎಂದು ಅನುವಾದಿಸಿದರೆ ಮಾತು ಸರಿ, ಅರ್ಥ ಸುಳ್ಳು. ನೀರನ್ನು ಅಳೆಯಲು ಕನ್ನಡದಲ್ಲಿ ಮೈಯೇ ಕೋಲು: ಪಾದ ಮುಳುಗುವಷ್ಟು, ಮೊಣಕಾಲುದ್ದ, ಸೊಂಟದುದ್ದ, ಎದೆಮಟ್ಟ, ಆಳುದ್ದ, ಎರಡಾಳು. ಎದೆಮಟ್ಟ ಎಂದ ಕೂಡಲೇ ಓದುವವರು ತಮ್ಮ ಎದೆಯನ್ನೇ ನೋಡಿಕೊಳ್ಳುತ್ತಾರೆ, ಕಾಲು ನೆಲಕ್ಕೆ ಸಿಗುತ್ತದೆ ಎಂಬುದು ಗೊತ್ತಾಗುತ್ತದೆ. ಆದ್ದರಿಂದ ಮೂರೂ ಕರಪತ್ರಗಳ ಮೀಟರುಗಳನ್ನು ಮೈಯಳತೆಗೆ ತಂದು ಬರೆಯಬೇಕೆಂದು ಇದ್ದೇನೆ. ಮುದ್ರಣದ ಬರಹದಲ್ಲಿ ಇದು ಹಗುರವಾಗಿ ಕಾಣುತ್ತದೆಯೇ? ಅಂಕಿಯನ್ನೂ ಜೊತೆಗೆ ಇಡುತ್ತೇನೆ, ಬಿಡುವುದಿಲ್ಲ.

ಇನ್ನು ಸ್ನಾರ್ಕೆಲಿಂಗ್ ಎಂಬ ಹೆಸರು. ಇದರ ಮೂಲ ಜರ್ಮನ್ ಭಾಷೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರ ಜಲಾಂತರ್ಗಾಮಿಗಳು ಮುಳುಗಿದ್ದಾಗಲೇ ಮೇಲಿನ ಗಾಳಿ ಎಳೆಯಲು ಬಳಸಿದ ಕೊಳವೆಗೆ ಆ ಹೆಸರಿತ್ತು. ಆಡುಮಾತಿನಲ್ಲಿ ಮೂಗು, ಮೂತಿ ಎಂಬ ಅರ್ಥ. ಗೊರಕೆ ಹೊಡೆಯುವುದಕ್ಕೆ ಅವರಲ್ಲಿರುವ ಕ್ರಿಯಾಪದದ ಒಡಹುಟ್ಟು. ಮೂತಿ ಎಂದದ್ದೇ ನನಗೆ ಹಂಪಿಯ ಹೊಳೆ ನೆನಪಾಯಿತು. ಬೆಳಿಗ್ಗೆ ದೇವಸ್ಥಾನದ ಆನೆಯನ್ನು ಮೀಯಿಸುವಾಗ ಅದು ನೀರಿನಲ್ಲಿ ಮಗ್ಗುಲಾಗಿ ಮಲಗುತ್ತದೆ. ಮಾವುತ ಕಿವಿಯ ಹಿಂದೆ ಉಜ್ಜುತ್ತಿದ್ದರೆ ಇಡೀ ತಲೆ ನೀರೊಳಗೆ. ಸೊಂಡಿಲಿನ ತುದಿ ಮಾತ್ರ ಮೇಲೆ, ಆಗಾಗ ತೆರೆದು ಮುಚ್ಚುತ್ತ, ಬುಸ್ ಎಂದು ತುಂತುರು ಹಾರಿಸುತ್ತ ಇರುತ್ತದೆ. ಅದನ್ನು ನೆನೆದು ‘ಸೊಂಡಿಲೀಜು’ ಎಂಬ ಪದ ಕಟ್ಟಿದೆ. ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಹೊಸಬರನ್ನು ಕರೆದೊಯ್ಯುವ ಹೆಸರಾಂತ ಜಾಗವೂ ಎಲಿಫೆಂಟ್ ಬೀಚ್. ಎರಡು ದಿನ ಆ ಪದವನ್ನು ಬಹಳ ಪ್ರೀತಿಯಿಂದ ಇಟ್ಟುಕೊಂಡಿದ್ದೆ.

ಈಗ ಅದನ್ನು ಬಿಟ್ಟಿದ್ದೇನೆ. ಚಿಗವ್ವನ ಮೊಮ್ಮಗ, ಏಳನೆಯ ತರಗತಿಯವನು, ಪದ ಕೇಳಿ ಖುಷಿಪಟ್ಟು ‘ಹಾಗಾದರೆ ಉದ್ದ ಪೈಪು ಹಾಕಿಕೊಂಡರೆ ತಳಕ್ಕೇ ಹೋಗಬಹುದಲ್ಲ’ ಎಂದ. ಹೋಗಲಾಗದು. ಒಂದು ಮೀಟರ್ ಕೆಳಗೆ ಹೋದರೂ ನೀರಿನ ಭಾರ ಎದೆಯನ್ನು ಒತ್ತುತ್ತದೆ, ಕೊಳವೆಯ ತುದಿಯ ಗಾಳಿಯನ್ನು ಎಳೆಯಲು ಎದೆ ಹಿಗ್ಗುವುದೇ ಕಷ್ಟ. ಮೇಲಾಗಿ ಉದ್ದ ಕೊಳವೆಯೊಳಗೆ ನಾವು ಬಿಟ್ಟ ಉಸಿರೇ ನಿಂತು ಮತ್ತೆ ಒಳಗೆ ಬರುತ್ತದೆ. ಸ್ನಾರ್ಕೆಲ್ ಮೊಳಕ್ಕಿಂತ ಗಿಡ್ಡವಾಗಿರುವುದು ಇದಕ್ಕೇ. ಆನೆಗೆ ಆ ತೊಂದರೆ ಇಲ್ಲ. ಅದರ ಶ್ವಾಸಕೋಶ ಎದೆಗೂಡಿಗೆ ಗಟ್ಟಿ ಅಂಗಾಂಶದಿಂದ ಬೆಸೆದುಕೊಂಡಿರುತ್ತದೆ. ಅಂದರೆ ನನ್ನ ಚೆಂದದ ಪದ ಮನುಷ್ಯರಿಗೆ ಆಗದ ಕೆಲಸವನ್ನು ಹುಡುಗನ ತಲೆಯಲ್ಲಿ ಹುಟ್ಟಿಸಿತು. ‘ಮುಳುಗು’ ಸೇರಿದ ಯಾವ ಪದವೂ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಇಲ್ಲಿ ಮುಳುಗುವುದಿಲ್ಲ, ಮುಖ ಕೆಳಗೆ ಮಾಡಿ ತೇಲುತ್ತೇವೆ. ‘ಬೋರಲು ತೇಲುವುದು’ ಎಂದರೆ ಕ್ರಿಯೆಗೆ ಅತಿ ಹತ್ತಿರದ ಮಾತು, ಆದರೆ ಪತ್ರಿಕೆಗಳು ಆ ಎರಡು ಪದಗಳನ್ನು ಯಾವ ಸುದ್ದಿಗೆ ಬಳಸುತ್ತವೆ ಎಂದು ನಿಮಗೆ ಗೊತ್ತು. ಈ ತಿಳಿವಳಿಕೆ ಪತ್ರ ನಮ್ಮ ಮನೆಗಳಿಗೆ ಹೋಗಬೇಕಾದದ್ದು.

ಆದ್ದರಿಂದ ಆಟದ ಹೆಸರು ಸ್ನಾರ್ಕೆಲಿಂಗ್ ಎಂದೇ ಇರಲಿ. ದೋಣಿಕಟ್ಟೆಯಲ್ಲಿ ಟಿಕೆಟ್ ಕೇಳಲು, ಫಲಕ ನೋಡಿ ಗುರುತು ಹಿಡಿಯಲು ಅವರಿಗೆ ಬೇಕಾಗುವುದು ಆ ಪದವೇ. ಕೊಳವೆಗೆ ‘ಉಸಿರುಗೊಳವೆ’ ಎಂದು ಬರೆದಿದ್ದೇನೆ. ಅದನ್ನು ವಿವರಿಸುವಾಗ ಮಾತ್ರ ಒಲೆಯ ಊದುಗೊಳವೆ ನೆರವಿಗೆ ಬಂತು. ಕೊಳವೆಗೆ ನೀರು ನುಗ್ಗಿದರೆ ಜೋರಾಗಿ ಊದಿ ಹೊರಹಾಕಬೇಕು. ಇದನ್ನು ನಾನು ಮೂರು ವಾಕ್ಯಗಳಲ್ಲಿ ಹೇಳಿದೆ, ಚಿಗವ್ವನಿಗೆ ಅರ್ಥವಾಗಲಿಲ್ಲ. ‘ಹಸಿ ಕಟ್ಟಿಗೆಯ ಒಲೆ ಊದಿದಂತೆ, ಒಂದೇ ದಮ್ಮಿಗೆ’ ಎಂದೆ. ಅವರು ಕೂಡಲೇ ಕೆನ್ನೆ ಉಬ್ಬಿಸಿ ತೋರಿಸಿದರು. ಆ ವಾಕ್ಯ ಹಾಗೆಯೇ ಪತ್ರದಲ್ಲಿದೆ.

ಮಾಸ್ಕ್ ಎಂಬುದಕ್ಕೆ ನಿಮ್ಮ ಸಲಹೆ ಬೇಕು. ‘ಮುಖವಾಡ’ ಬಯಲಾಟದ್ದು. ‘ಮುಖಗವಸು’ ಕೊರೊನಾ ಬಂದಮೇಲೆ ಬಾಯಿ, ಮೂಗು ಮುಚ್ಚುವುದಕ್ಕೆ ನಿಂತುಬಿಟ್ಟಿತು. ಇಲ್ಲಿ ಮುಚ್ಚುವುದು ಕಣ್ಣು ಮತ್ತು ಮೂಗನ್ನು, ಬಾಯಿ ಹೊರಗೇ ಇರುತ್ತದೆ. ನಾನು ‘ನೀರುಗನ್ನಡಕ’ ಎಂದು ಹಾಕಿದ್ದೇನೆ. ಅಂಗಡಿಯಲ್ಲಿ ಸಿಗುವ, ಮೂಗು ಮುಚ್ಚದ ಈಜು ಕನ್ನಡಕವನ್ನು ಕೊಂಡುಬಿಟ್ಟರೆ ಕೆಲಸಕ್ಕೆ ಬಾರದು ಎಂಬ ಹೆದರಿಕೆಯಿಂದ ‘ಮೂಗನ್ನೂ ಮುಚ್ಚುವ’ ಎಂದು ಮುಂದೆ ಸೇರಿಸಿದ್ದೇನೆ. ಅದು ಮುಖಕ್ಕೆ ಕಚ್ಚಿಕೊಳ್ಳಬೇಕು: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಟ್ಟರೆ ಬೀಳಬಾರದು. ದಪ್ಪ ಮೀಸೆಯವರಿಗೆ ಅಲ್ಲಿ ನೀರು ಜಿನುಗುವುದುಂಟು. ಲೈಫ್ ಜಾಕೆಟ್ಟಿಗೆ ಪತ್ರಿಕೆಗಳು ‘ಜೀವರಕ್ಷಕ ಕವಚ’ ಎನ್ನುತ್ತವೆ. ಕವಚ ಎಂದರೆ ಭಾರವಾದದ್ದು ಎಂಬ ಭಾವ ಬರುತ್ತದೆ. ಬಾವಿಯಲ್ಲಿ ಈಜು ಕಲಿಸುವಾಗ ನಮ್ಮ ಬೆನ್ನಿಗೆ ಕಟ್ಟುತ್ತಿದ್ದದ್ದು ಬೆಂಡು. ‘ಬೆಂಡಂಗಿ’ ಹೇಗಿದೆ?

ಹವಳದ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ‘ಹವಳದ ಬಂಡೆ’, ‘ಹವಳದ ದಿಬ್ಬ’, ‘ಹವಳದ ದಂಡೆ’ ಎಂದು ಪುಸ್ತಕಗಳಲ್ಲಿದೆ. ನಾವು ಕೊಪ್ಪಳ ಜಿಲ್ಲೆಯವರು, ಬಂಡೆಗಳ ನಡುವೆ ಹುಟ್ಟಿದವರು. ಬಂಡೆ ಕಂಡರೆ ಹತ್ತಿ ನಿಲ್ಲುವುದು ನಮ್ಮ ಕಾಲಿನ ಅಭ್ಯಾಸ. ದಿಬ್ಬ, ದಂಡೆಗಳೂ ಏರುವ ಜಾಗಗಳೇ. ಈಜು ಬಾರದವರು ದಣಿದಾಗ ಬಂಡೆ ಎಂದು ತಿಳಿದು ಅದರ ಮೇಲೆ ನಿಂತರೆ ಹವಳ ಸಾಯುತ್ತದೆ, ಕಾಲೂ ಹರಿಯುತ್ತದೆ. ತಾಳಿಸರದಲ್ಲಿ ಕೆಂಪು ಮಣಿಯಾಗಿ ಕಂಡ ಹವಳವೂ ಕಲ್ಲೆಂದೇ ನಮ್ಮವರ ನಂಬಿಕೆ. ಅದು ಸಣ್ಣ ಜೀವಿಗಳು ಕಟ್ಟಿದ ಮನೆ. ಗೆದ್ದಲು ಕಟ್ಟಿದ ಹುತ್ತವನ್ನು ನಮ್ಮಲ್ಲಿ ಯಾರೂ ತುಳಿಯುವುದಿಲ್ಲ, ಪಂಚಮಿಗೆ ಹಾಲೆರೆಯುತ್ತೇವೆ. ಆದ್ದರಿಂದ ‘ಹವಳದ ಹುತ್ತ’ ಎಂದು ಬರೆದಿದ್ದೇನೆ. ಇದನ್ನು ಬಿಟ್ಟುಕೊಡಲು ಮನಸ್ಸಿಲ್ಲ. ತಪ್ಪಿದ್ದರೆ ಕಾರಣ ಸಹಿತ ಹೇಳಿ, ಕೇಳುತ್ತೇನೆ. ಹವಳವನ್ನು ಮುರಿದು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬ ಸಾಲನ್ನೂ ಅದರ ಕೆಳಗೇ ಇಟ್ಟಿದ್ದೇನೆ.

ಕಡಲಿನ ನೀರು ಏರುವುದಕ್ಕೆ ‘ಉಬ್ಬರ’, ‘ಭರತ’ ಎಂಬ ಪದಗಳಿವೆ. ‘ಉಬ್ಬರ’ ಎಂದರೆ ನಮ್ಮ ಹಿರಿಯರಿಗೆ ಹೊಟ್ಟೆಯದು. ‘ಭರತ’ ಎಂದರೆ ರಾಮನ ತಮ್ಮ. ಶಹೀದ್ ದ್ವೀಪದಲ್ಲಿ ಸ್ನಾರ್ಕೆಲಿಂಗ್ ನಡೆಯುವ ಭರತಪುರ ಎಂಬ ಕಡಲತೀರವೂ ಇದೆ, ಅದರ ಹೆಸರು ರಾಮಾಯಣದ ಭರತನದು. ‘ಕಡಲು ಏರುವ ಹೊತ್ತು, ಇಳಿಯುವ ಹೊತ್ತು’ ಎಂದು ಬಿಡಿಸಿ ಬರೆದೆ. ಇನ್ನೊಂದು: ಹ್ಯಾವ್ಲಾಕ್, ನೀಲ್ ದ್ವೀಪಗಳಿಗೆ 2018ರಲ್ಲಿ ಸ್ವರಾಜ್, ಶಹೀದ್ ಎಂಬ ಹೆಸರು ಬಂದಿದೆ. ಒಂದು ಕರಪತ್ರದಲ್ಲಿ ಹಳೆಯ ಹೆಸರು, ಇನ್ನೊಂದರಲ್ಲಿ ಹೊಸದು. ನಮ್ಮವರು ಎರಡು ದ್ವೀಪಗಳನ್ನು ನಾಲ್ಕೆಂದು ಎಣಿಸಿ ಬೆಲೆ ಹೋಲಿಸುತ್ತಿದ್ದರು.

ಕೊನೆಯದು ಮತ್ತು ಮುಖ್ಯವಾದದ್ದು ತಲೆಬರಹ. ಮೂರೂ ಕರಪತ್ರಗಳು ತಮ್ಮ ಪ್ರವಾಸ ಹೊಸಬರಿಗೆ ಅನುಕೂಲ ಎಂದೇ ಹೇಳುತ್ತವೆ. ‘ಪರಿಸರಸ್ನೇಹಿ’ಯ ಮಾದರಿಯಲ್ಲಿ ‘ಆರಂಭಿಕಸ್ನೇಹಿ’ ಎಂದು ಒಬ್ಬರು ಸೂಚಿಸಿದರು. ನನ್ನ ನಾಲಿಗೆ ಒಪ್ಪಲಿಲ್ಲ. ‘ಹೊಸಬರಿಗೆ ಒಗ್ಗುವ ನೀರು’ ಎಂದು ಬರೆದೆ. ಚಿಗವ್ವ ಓದಿ, ‘ಅಲ್ಲಿಯ ನೀರು ಒಗ್ಗದಿದ್ದರೆ ನಾವು ಕುಡಿಯಲು ಕಾಯಿಸಿದ ನೀರು ಒಯ್ಯೋಣ’ ಎಂದರು. ಅವರು ಹೇಳಿದ್ದೇ ಸರಿ, ನೀರು ಒಗ್ಗುವುದು ಎಂದರೆ ಮೈಗೆ ಹಿಡಿಸುವುದು. ಈಗ ‘ಹೊಸಬರಿಗೆ ತಕ್ಕ ಪ್ರವಾಸ ಯಾವುದು?’ ಎಂದಿದೆ. ‘ತಕ್ಕ’ ತುಸು ಒಣಗಿದಂತೆ ಕಾಣುತ್ತದೆ. ಇದಕ್ಕಿಂತ ಬೆಚ್ಚಗಿನ ಪದ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ತಿಳಿಸಿ.

ತಕ್ಕದ್ದು ಎಂದರೆ ಏನು ಎಂಬುದನ್ನು ಮಾತ್ರ ಸಡಿಲವಾಗಿ ಬಿಟ್ಟಿಲ್ಲ. ದೋಣಿಯಿಂದ ಧುಮುಕದೆ ದಂಡೆಯಿಂದ ನಡೆದು ಎದೆಮಟ್ಟದ ನೀರಿಗೆ ಇಳಿಯಬಹುದೇ, ಒಬ್ಬ ಗೈಡ್ ಒಂದು ಸಲಕ್ಕೆ ಎಷ್ಟು ಜನರನ್ನು ನೋಡಿಕೊಳ್ಳುತ್ತಾನೆ, ಬೆಂಡಂಗಿ ಎಲ್ಲರ ಅಳತೆಗೂ ಇದೆಯೇ, ಮೊದಲು ನಿಂತ ನೀರಿನಲ್ಲಿ ಉಸಿರಾಟ ರೂಢಿ ಮಾಡಿಸುತ್ತಾರೆಯೇ, ಸೆಳವು ಹೆಚ್ಚಿದ ದಿನ ರದ್ದು ಮಾಡಿ ಹಣ ಹಿಂದಿರುಗಿಸುತ್ತಾರೆಯೇ ಎಂದು ಕೇಳಬೇಕೆಂದು ಬರೆದಿದ್ದೇನೆ. ಉಬ್ಬಸ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ನೀರಿಗೆ ಇಳಿಯಲು ಇಷ್ಟವಿಲ್ಲದವರಿಗೆ ಗಾಜಿನ ತಳದ ದೋಣಿ ಇರುವ ಪ್ರವಾಸವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೂರರಲ್ಲಿ ಒಂದರಲ್ಲಿ ಮಾತ್ರ ಅದಿದೆ, ಬೆಲೆಯೂ ಅದರದೇ ಹೆಚ್ಚು.

ಪತ್ರವನ್ನು ಮುಂದಿನ ಶನಿವಾರ ಅಚ್ಚಿಗೆ ಕಳಿಸಬೇಕು. ಅಷ್ಟರೊಳಗೆ ನೀವು ಸೂಚಿಸುವ ಪ್ರತಿಯೊಂದು ಪದವನ್ನೂ ಚಿಗವ್ವನಿಗೆ ಓದಿ ಹೇಳಿ, ಅವರಿಗೆ ಏನೆಂದು ಅರ್ಥವಾಯಿತು ಎಂಬುದನ್ನು ಇಲ್ಲಿಯೇ ಬರೆಯುತ್ತೇನೆ.