ಕೆಲ್ಸ ಬಿಟ್ಟು ಟ್ಯೂಷನ್‌ಗೆ ಬಂದೋರು ಯಾರಾದ್ರೂ ಇದೀರಾ?

ಡೊಂಬಿವಲಿ ಹುಡುಗಿ:
ಮುಂಬೈ ಫೋರ್ಟ್ ಏರಿಯಾದಲ್ಲಿ ಅಕೌಂಟ್ಸ್ ಕೆಲ್ಸ ನಂದು, ದಿನಾ ಲೋಕಲ್ ಟ್ರೈನ್‌ನಲ್ಲಿ ನೇತಾಡಿ ಸಾಕಾಗಿದೆ, ಮನೇಲೇ ಟ್ಯೂಷನ್ ಶುರು ಮಾಡೋಣ ಅಂತಿದೀನಿ. ಅಮ್ಮ ಮಾತ್ರ "ಇಷ್ಟು ಓದಿ ಮಗ್ಗಿ ಹೇಳ್ಕೊಡ್ತೀಯಾ" ಅಂತಾರೆ. ನೀವೆಲ್ಲ ಯಾಕೆ ಇದಕ್ಕೆ ಬಂದ್ರಿ?

ಮುಲುಂಡ್ ಆಂಟಿ:
ನಿಜ ಹೇಳ್ಲಾ, ನಾನು ಬಂದಿದ್ದು ದುಡ್ಡಿಗೇ, ಮಗು ಚಿಕ್ಕದಿತ್ತು ಹೊರಗೆ ಹೋಗೋಕಾಗ್ತಿರ್ಲಿಲ್ಲ. ಉಳಿದಿದ್ದು ಬೇರೆ ಕಾರಣಕ್ಕೆ. 10ನೇ ಕ್ಲಾಸಿನ ಒಬ್ಬ ಹುಡುಗ ಪೈಥಾಗೊರಸ್ ಪ್ರಮೇಯದ ಸಾಧನೆ ಪೂರ್ತಿ ಬಾಯಿಪಾಠ ಮಾಡಿದ್ದ, ಚಿತ್ರದಲ್ಲಿ ಎ ಬಿ ಸಿ ಬದಲು ಪಿ ಕ್ಯೂ ಆರ್ ಬರೆದ್ಕೊಟ್ರೆ ಪೆನ್ನೇ ಓಡ್ಲಿಲ್ಲ. ಪೇಪರ್ ಕತ್ತರಿಸಿ ತ್ರಿಕೋನ ಮಾಡಿಸ್ದೆ, ಮೂರನೇ ದಿನ "ಅಯ್ಯೋ ಇಷ್ಟೇನಾ" ಅಂದ. ಆ ಮುಖ ನೋಡೋಕೇ ಇನ್ನೂ ಮಾಡ್ತಿದೀನಿ.

ಹೋಟೆಲ್ ಮಾಣಿ ಮಗ:
ನಮ್ಮಪ್ಪ ಮಾಟುಂಗದಲ್ಲಿ ಹಗಲು ಟೇಬಲ್ ಒರೆಸಿ ಕನ್ನಡ ರಾತ್ರಿ ಶಾಲೇಲಿ ಎಸ್ಸೆಸ್ಸಿ (ಇಲ್ಲಿನ 10ನೇ ಕ್ಲಾಸ್) ಮಾಡಿದ್ದು. ಮೇಷ್ಟ್ರುಗಳೂ ಹಗಲು ಆಫೀಸ್ ಮುಗಿಸಿ ಬರ್ತಿದ್ರಂತೆ. ಅದಕ್ಕೇ ನಾನು ಭಾನುವಾರ ಫೀಸಿಲ್ದೆ ಕಲಿಸ್ತೀನಿ.

ಪುಣೆ ಕಲಬುರ್ಗಿ:
ಅಕ್ಕಾರ, ಒಂದ್ ಮಾತು. ಮುಂದ ಸಾಲ್ಯಾಗ ಟೀಚರ್ ಆದ್ರ ಟ್ಯೂಷನ್ ಬಿಡಬೇಕ್ರಿ, 2009ರ ಶಿಕ್ಷಣ ಹಕ್ಕು ಕಾಯ್ದೆ 28ನೇ ಕಲಂ ಪ್ರಕಾರ ಶಿಕ್ಷಕರು ಖಾಸಗಿ ಪಾಠ ಹೇಳೂಹಂಗಿಲ್ಲ. ಮತ್ತ ಬ್ಯಾಸಗಿ ರಜಾದಾಗ ಕೈಯಾಗ ರೊಕ್ಕ ಇರಂಗಿಲ್ಲ, ಆರ್ ತಿಂಗಳ ಖರ್ಚಿನ ರೊಕ್ಕ ಮೊದಲ ಕೂಡಿಸಿಟ್ಕೋರಿ.

ಡೊಂಬಿವಲಿ ಹುಡುಗಿ:
ರಜೆ ವಿಷ್ಯ ತಲೇಗೇ ಬಂದಿರ್ಲಿಲ್ಲ ಅಣ್ಣ! ಸದ್ಯಕ್ಕೆ ಶನಿವಾರ ಮಾತ್ರ, ಪಕ್ಕದ್ಮನೆ ಇಬ್ರು ಮಕ್ಕಳಿಂದ ಶುರು ಮಾಡ್ತೀನಿ.