ಬೂದಿ, ಹಿಮನದಿ, ಹಳೆಯ ಹವಾಮಾನ: ಒಬ್ಬರೇ ಮೂರನ್ನೂ ಓದುವುದು ಹೇಗೆ?

ಪ್ರಶ್ನೆ: ಐಸ್‌ಲ್ಯಾಂಡಿನ ಭೂವಿಜ್ಞಾನಿ ಸಿಗುರ್ದುರ್ ಥೋರಾರಿನ್ಸನ್ (1912–1983) ಜ್ವಾಲಾಮುಖಿಯ ಬೂದಿಯನ್ನೂ ಹಿಮನದಿಗಳನ್ನೂ ಜೀವನವಿಡೀ ಅಭ್ಯಾಸ ಮಾಡಿದರಂತೆ. ಇವು ಬೇರೆ ಬೇರೆ ವಿಷಯ ಅಲ್ವಾ?

ಉತ್ತರ 1: ಐಸ್‌ಲ್ಯಾಂಡಿನಲ್ಲಿ ಬೇರೆ ಅಲ್ಲ. ವಾಟ್ನಾಯೋಕುಲ್ ಹಿಮದ ಹಾಸಿನ ಕೆಳಗೇ ಜ್ವಾಲಾಮುಖಿಗಳಿವೆ. ಒಂದು ಸ್ಫೋಟವಾದರೆ ಬೂದಿ ಹಿಮದ ಮೇಲೆ, ಹೊಲದಲ್ಲಿ, ಕೆರೆಯ ತಳದಲ್ಲಿ, ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೂರುತ್ತದೆ. 1104ರಲ್ಲಿ ಹೆಕ್ಲಾ ಎಂಬ ಜ್ವಾಲಾಮುಖಿ ಉಗುಳಿದ ತಿಳಿ ಬಣ್ಣದ ಬೂದಿ ಇವತ್ತಿಗೂ ಮಣ್ಣು ಅಗೆದ ಕಡೆ ಪಟ್ಟಿಯಾಗಿ ಕಾಣುತ್ತದೆ. ಅದರ ಕೆಳಗಿರುವುದು ಹಳೆಯದು, ಮೇಲಿರುವುದು ಹೊಸದು, ಅಷ್ಟೇ ಲೆಕ್ಕ. ಈ ವಿಧಾನಕ್ಕೆ ಅಡಿಪಾಯ ಹಾಕಿದ್ದು ಅವರ 1944ರ ಪ್ರಬಂಧ. ನನಗಂತೂ ಅದು ತುಂಬಾ ದೊಡ್ಡ ಕೆಲಸ ಅನಿಸುತ್ತದೆ.

ಪ್ರಶ್ನೆ: ಯಾವ ಬೂದಿ ಯಾವ ಸ್ಫೋಟದ್ದು ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ 2: ಬೂದಿ ಅಂದರೆ ಬಹುಪಾಲು ಗಾಜಿನ ಚೂರು. ಸಿಲಿಕಾ, ಕಬ್ಬಿಣ, ಪೊಟ್ಯಾಸಿಯಂ ಎಷ್ಟೆಷ್ಟಿದೆ ಅಂತ ಒಂದೊಂದು ಚೂರಿನಲ್ಲೂ ಅಳೆಯುತ್ತಾರೆ. ಈ ಪ್ರಮಾಣ ಸಾಮಾನ್ಯವಾಗಿ ಸ್ಫೋಟದಿಂದ ಸ್ಫೋಟಕ್ಕೆ ಬೇರೆ, ಅದೇ ಗುರುತು. ಸುಮಾರು 12,000 ವರ್ಷ ಹಿಂದೆ ಐಸ್‌ಲ್ಯಾಂಡಿನ ಸ್ಫೋಟವೊಂದರಿಂದ ಬಂದ ‘ವೆಡ್ಡೆ’ ಎಂಬ ಬೂದಿ ನಾರ್ವೆಯ ಕೆರೆಗಳಲ್ಲೂ ಸಿಗುತ್ತದೆ, ಗ್ರೀನ್‌ಲ್ಯಾಂಡಿನ ಹಿಮದಲ್ಲೂ ಸಿಗುತ್ತದೆ. ಆಗ ಭಾರೀ ಚಳಿಯ ಕಾಲ. ಎರಡೂ ಕಡೆ ಚಳಿ ಒಟ್ಟಿಗೇ ಬದಲಾಯಿತಾ, ಹಿಂದೆಮುಂದೆ ಆಯಿತಾ ಅಂತ ಆ ಪಟ್ಟಿಯನ್ನೇ ಗುರುತಾಗಿ ಇಟ್ಟುಕೊಂಡು ನೋಡಬಹುದು.